1ಟಿ-ಟ್ಯಾಂಟಲಮ್ ಡೈಸಲ್ಫೈಡ್ ತೆಳು ಫ್ಲೇಕ್: 180 ಕೆಲ್ವಿನ್ ಜಿಗಿತ ಕಾಣುತ್ತಿಲ್ಲ

ತುಂಗಾತೀರ, ಶಿವಮೊಗ್ಗ:
ಪದರ ಪದರವಾಗಿರುವ ಈ ಹರಳನ್ನು ತಣಿಸಿದರೆ 180 ಕೆಲ್ವಿನ್ ಸುಮಾರಿಗೆ ರೆಸಿಸ್ಟೆನ್ಸ್ ಜಿಗಿಯಬೇಕು. ನನ್ನದು ಟೇಪಿನಲ್ಲಿ ಸುಲಿದ ಫ್ಲೇಕ್ (ತೆಳು ಚಕ್ಕೆ), ದಪ್ಪ 8 ನ್ಯಾನೋಮೀಟರ್. ನಾಲ್ಕು ಪ್ರೋಬ್ (ಕರೆಂಟ್ ಹರಿಸಲು ಎರಡು ತಂತಿ, ವೋಲ್ಟೇಜ್ ಅಳೆಯಲು ಬೇರೆ ಎರಡು), ಲಿಕ್ವಿಡ್ ನೈಟ್ರೋಜನ್ ಕ್ರಯೋಸ್ಟಾಟ್, ನಿಮಿಷಕ್ಕೆ 5 ಕೆಲ್ವಿನ್ ಇಳಿಕೆ. 300ರಿಂದ 80ರವರೆಗೆ ರೆಸಿಸ್ಟೆನ್ಸ್ ಸುಮ್ಮನೆ ಏರುತ್ತಾ ಹೋಗುತ್ತದೆ, ಜಿಗಿತವೇ ಇಲ್ಲ. ಅದೇ ಹರಳಿನ ದಪ್ಪ ತುಂಡಿನಲ್ಲಿ ಜಿಗಿತ ಸ್ಪಷ್ಟ. ಎಲೆಕ್ಟ್ರೋಡ್ ಹಾಕಲು ಪಿಎಂಎಂಎ (ಪ್ಲಾಸ್ಟಿಕ್ ಲೇಪ) ಬಳಿದು ಗಾಳಿಯಲ್ಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಬೇಕ್ ಮಾಡಿದ್ದು. ಕಾಂಟ್ಯಾಕ್ಟ್ ಸರಿಯಿಲ್ಲವೇ?

ಹರಳುಹುಳ:
ನಾಲ್ಕು ಪ್ರೋಬ್ ಇದ್ದ ಮೇಲೆ ಕಾಂಟ್ಯಾಕ್ಟ್ ಮೇಲೆ ಅನುಮಾನ ಬೇಡ. ದಪ್ಪ ತುಂಡು ಸರಿ ಓದುತ್ತಿದೆ ಅಂದರೆ ಹರಳು, ಥರ್ಮಾಮೀಟರ್ ಎರಡೂ ಚೆನ್ನಾಗಿವೆ. ನನ್ನ ಗುಮಾನಿ ತಣಿಸುವ ವೇಗದ ಮೇಲೆ.

ಈ ಹರಳಿನಲ್ಲಿ 13 ಟ್ಯಾಂಟಲಮ್ ಪರಮಾಣು ಒತ್ತಿಕೊಂಡು ನಕ್ಷತ್ರದ ಆಕಾರದ ಒಂದು ಗುಂಪು. ಕೋಣೆಯ ಉಷ್ಣತೆಯಲ್ಲೂ ನಕ್ಷತ್ರಗಳಿವೆ, ಆದರೆ ಬಿಡಿಬಿಡಿ ಪ್ರದೇಶಗಳಾದ ಸಣ್ಣ ಡೊಮೈನ್‌ಗಳಲ್ಲಿ. ಕರೆಂಟ್ ಹರಿಯುವುದು ಅವುಗಳ ನಡುವಿನ ಗಡಿಯಲ್ಲಿ. 180 ಕೆಲ್ವಿನ್ ಸುಮಾರಿಗೆ ಗಡಿಗಳೆಲ್ಲ ಅಳಿದು ಇಡೀ ಪದರದ ನಕ್ಷತ್ರಗಳು ಲ್ಯಾಟಿಸ್‌ಗೆ (ಪರಮಾಣುಗಳ ಜಾಲಕ್ಕೆ) ಲಾಕ್ ಆಗಬೇಕು. ಆಗ ನಕ್ಷತ್ರಕ್ಕೊಂದು ಎಲೆಕ್ಟ್ರಾನ್ ಅಲ್ಲೇ ಸಿಕ್ಕಿಬಿದ್ದು ರೆಸಿಸ್ಟೆನ್ಸ್ ಹಾರುತ್ತದೆ. ತೆಳು ಫ್ಲೇಕ್‌ನಲ್ಲಿ ಈ ಕೆಲಸ ತೀರಾ ನಿಧಾನ. ನಿಮ್ಮ ವೇಗಕ್ಕೆ ಹಳೆಯ ಸ್ಥಿತಿಯೇ ಉಳಿದುಬಿಡುತ್ತದೆ. 200ರಿಂದ 140ರವರೆಗೆ ನಿಮಿಷಕ್ಕೆ ಅರ್ಧ ಕೆಲ್ವಿನ್ ಇಡಿ; ಎರಡು ಗಂಟೆ ಹಿಡಿಯುತ್ತೆ, ಹಿಡಿಯಲಿ. ಬಿಸಿಯಾಗುವಾಗಿನ ರೀಡಿಂಗ್ ಕೂಡ ಬೇಕು: ದಪ್ಪ ತುಂಡಿನಲ್ಲಿ ರೆಸಿಸ್ಟೆನ್ಸ್ ವಾಪಸ್ ಬೀಳುವುದು 220ರ ಆಸುಪಾಸು.

ನೈಟ್ರೋಜನ್ ಸುರಿಯುವ ಮೊದಲು ವ್ಯಾಕ್ಯೂಮ್‌ನಲ್ಲಿ 360 ಕೆಲ್ವಿನ್‌ಗೆ ಬಿಸಿ ಮಾಡಿ ನೋಡಿ. 350ರ ಹತ್ತಿರ ರೆಸಿಸ್ಟೆನ್ಸ್ ದಿಢೀರ್ ಕುಸಿದರೆ ಫ್ಲೇಕ್ ಇನ್ನೂ ಜೀವಂತ.

ತುಂಗಾತೀರ:
ಕುಸಿತ ಇದೆ, ಆದರೆ 10 ಕೆಲ್ವಿನ್ ಅಗಲಕ್ಕೆ ಹರಡಿದೆ. 300 ಡಿಗ್ರಿ ಸೆಲ್ಸಿಯಸ್‌ಗೆ ಅನೀಲ್ ಮಾಡಲೇ (ಬಿಸಿಯಲ್ಲಿಟ್ಟು ಹರಳನ್ನು ಸರಿಪಡಿಸಲೇ)?

ಮಳೆಕಾಡು, ತೀರ್ಥಹಳ್ಳಿ:
ಬೇಡ ಮಾರಾಯ್ರೆ! ಅದು 573 ಕೆಲ್ವಿನ್. ಸುಮಾರು 550 ದಾಟಿದರೆ 1ಟಿ ರಚನೆ 2ಎಚ್ (ಅದೇ ವಸ್ತುವಿನ ಇನ್ನೊಂದು ಪರಮಾಣು ಜೋಡಣೆ) ಕಡೆಗೆ ಜಾರಲು ಶುರು. 2ಎಚ್‌ನ ಚಾರ್ಜ್ ಡೆನ್ಸಿಟಿ ವೇವ್ (ಎಲೆಕ್ಟ್ರಾನ್‌ಗಳು ಅಲೆಯಂತೆ ದಟ್ಟ-ವಿರಳವಾಗಿ ಜೋಡಿಸಿಕೊಳ್ಳುವುದು; 1ಟಿಯ ನಕ್ಷತ್ರಗಳೂ ಅಂಥದ್ದೇ) ಬರುವುದು 75 ಕೆಲ್ವಿನ್ ಸುಮಾರಿಗೆ, ನಿಮ್ಮ ಕ್ರಯೋಸ್ಟಾಟ್ ಮುಟ್ಟದ ಜಾಗ. ಆಮೇಲೆ ಏನೂ ಕಾಣದು.

ಕುಸಿತ ಹರಡಿದ್ದಕ್ಕೆ ನಾನು ದೂರುವುದು ಬೇಕಿಂಗನ್ನು. ನಮ್ಮ ಜುಲೈ ಗಾಳಿಯಲ್ಲಿ 180 ಡಿಗ್ರಿ ಅಂದರೆ ಮೇಲಿನ ಪದರಗಳನ್ನು ಕೈಯಾರೆ ಆಕ್ಸೈಡ್ ಮಾಡಿದ ಹಾಗೆ. 8 ನ್ಯಾನೋಮೀಟರ್ ಅಂದರೆ ಇರುವುದೇ 13-14 ಪದರ. ಹೊಸ ಫ್ಲೇಕ್ ತೆಗೆಯಿರಿ. ಚಿನ್ನದ ಎಲೆಕ್ಟ್ರೋಡ್ ಮೊದಲೇ ಹಾಕಿಟ್ಟು, ಹೊರಗಿನ ಗಾಳಿ ಸೋಕದ ಗ್ಲವ್ ಬಾಕ್ಸ್‌ನಲ್ಲೇ ಸುಲಿದು ಅದರ ಮೇಲೆ ಕೂರಿಸಿ, 10-20 ನ್ಯಾನೋಮೀಟರ್ ಬೋರಾನ್ ನೈಟ್ರೈಡ್ ಪದರವನ್ನು ಗಾಳಿ ತಾಗದಂತೆ ಹೊದಿಸಿ. ಆಮೇಲೆ ಹರಳುಹುಳ ಹೇಳಿದ ಅರ್ಧ ಕೆಲ್ವಿನ್ ವೇಗ. ಹರಳಿನ ಡೆಸಿಕೇಟರ್ (ತೇವ ತಾಗದಂತೆ ಇಡುವ ಡಬ್ಬಿ) ಒಮ್ಮೆ ತೆಗೆದು ನೋಡಿ: ನೀಲಿ ಸಿಲಿಕಾ ಜೆಲ್ ಗುಲಾಬಿ ಆಗಿದ್ದರೆ ಅದು ಇದ್ದೂ ಇಲ್ಲದಂತೆ, 120 ಡಿಗ್ರಿ ಓವನ್‌ನಲ್ಲಿ ನೀಲಿಗೆ ಬರುವವರೆಗೆ ಒಣಗಿಸಿ.