ಸ್ಟೀಲ್ ಪಾತ್ರೆಯಲ್ಲಿ ಕಂದು ಚುಕ್ಕೆ, ಹುದುಗು ಪಾತ್ರೆಯಲ್ಲಿ ಬಿಳಿ ಪೊರೆ: ತೊಳೆಯುವ ಕ್ರಮ ಯಾವುದು?

ಪ್ರಶ್ನೆ

ಮನೆಯಲ್ಲಿ ಬಿಯರ್ ತಯಾರಿಸಲು ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯ ತಳದಲ್ಲಿ, ಬೆಸುಗೆಯ ಅಂಚಿನುದ್ದಕ್ಕೂ ಕಂದು ಚುಕ್ಕೆಗಳು ಕಾಣಿಸಿಕೊಂಡಿವೆ. ಕಳೆದ ಸಲ ತಳ ಹಿಡಿದದ್ದನ್ನು ಕಬ್ಬಿಣದ ನಾರಿನಿಂದ ಉಜ್ಜಿ, ರಾತ್ರಿಯಿಡೀ ಬ್ಲೀಚ್ ನೀರಿನಲ್ಲಿ ನೆನೆಸಿಟ್ಟಿದ್ದೆ. ಹುದುಗು ಪಾತ್ರೆಯ ಒಳಗೋಡೆಗೂ ಬೂದುಬಿಳಿ ಪೊರೆಯೊಂದು ಅಂಟಿದ್ದು, ಸೋಪಿಗೆ ಜಗ್ಗುತ್ತಿಲ್ಲ. ಪಾತ್ರೆ ಕೆಟ್ಟಿತೇ?

ಉತ್ತರ 1

ಕೆಟ್ಟಿರಲಾರದು, ಆದರೆ ನೀವು ಮಾಡಿದ ಎರಡೂ ಕೆಲಸ ತಪ್ಪು. ಈ ಉಕ್ಕಿನಲ್ಲಿ ಸುಮಾರು ಶೇ. 18ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಟ್ಟುವ, ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರವೇ ತುಕ್ಕನ್ನು ತಡೆಯುವುದು. ಬ್ಲೀಚಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಕಬ್ಬಿಣದ ನಾರು ಉದುರಿಸಿದ ಕಣಗಳು ಮೇಲ್ಮೈಗೆ ಕಚ್ಚಿಕೊಂಡು ತಾವೇ ತುಕ್ಕು ಹಿಡಿಯುತ್ತವೆ. ಬಹುಪಾಲು ನೀವು ನೋಡುತ್ತಿರುವುದು ಈ ಎರಡನೆಯದನ್ನೇ.

ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿದ ಬೆಚ್ಚನೆಯ ನೀರನ್ನು ಅರ್ಧ ಗಂಟೆ ನಿಲ್ಲಿಸಿ, ಮೆತ್ತನೆಯ ಸ್ಪಂಜಿನಿಂದ ಒರೆಸಿ, ಚೆನ್ನಾಗಿ ತೊಳೆದು, ಗಾಳಿಗೆ ಒಣಗಲು ಬಿಡಿ. ಆಮ್ಲ ಕಬ್ಬಿಣದ ಕಣಗಳನ್ನು ಕರಗಿಸಿದ ಮೇಲೆ ಪದರ ಮತ್ತೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಬೆರಳಿಗೆ ಕುಳಿ ತಗುಲಿದರೆ ಮಾತ್ರ ಅದು ಬೇರೆ ವಿಚಾರ, ಏಕೆಂದರೆ ಅಲ್ಲಿ ಕೊಳೆ ಅಡಗಿಕೊಳ್ಳುತ್ತದೆ. ಪಾತ್ರೆಯಲ್ಲಿ ಬ್ಲೀಚ್ ಉಳಿದಿರುವಾಗ ಆಮ್ಲವನ್ನು ಎಂದಿಗೂ ಸುರಿಯಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಉತ್ತರ 2

ಆ ಬಿಳಿ ಪೊರೆ ಬಿಯರ್‌ಸ್ಟೋನ್. ಕ್ಯಾಲ್ಸಿಯಂ ಆಕ್ಸಲೇಟ್ ಪ್ರೋಟೀನಿನೊಡನೆ ಸೇರಿ ಗಟ್ಟಿಯಾಗಿರುವುದರಿಂದ ಒಂದೇ ದ್ರಾವಣಕ್ಕೆ ಅದು ಬಗ್ಗುವುದಿಲ್ಲ. ಮೊದಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಕ್ಷಾರೀಯ ಪುಡಿ ಬೆರೆಸಿ, ಮುಚ್ಚಳ ಬಿಗಿಯದೆ ನೆನೆಸಿ (ಆಮ್ಲಜನಕ ಬಿಡುಗಡೆಯಾಗಿ ಒತ್ತಡ ಏರುತ್ತದೆ). ಪ್ರೋಟೀನು ಬಿಟ್ಟ ಮೇಲೆ ತೊಳೆದು, ನಂತರ ಆಮ್ಲದ ಸರದಿ. ಇಲ್ಲಿ ಸಿಟ್ರಿಕ್‌ಗಿಂತ ಫಾಸ್ಫಾರಿಕ್ ಆಮ್ಲವಿರುವ ಮಾರ್ಜಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೈಗವಸು, ಕನ್ನಡಕ ಮರೆಯಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು, ಚುಕ್ಕೆಗಳು ಬೆರಳಿಗೆ ನುಣುಪಾಗಿಯೇ ಇವೆ. ಆಮ್ಲದ ಈ ಕೆಲಸವನ್ನು ಪ್ರತಿ ಸಲವೂ ಮಾಡಬೇಕೇ?

ಉತ್ತರ 3

ಬೇಡ. ಬಿಯರ್ ತೆಗೆದ ಕೂಡಲೇ, ಕೊಳೆ ಒಣಗುವ ಮೊದಲೇ ತೊಳೆದರೆ ಪ್ರತಿ ಸಲಕ್ಕೆ ಕ್ಷಾರದ ದ್ರಾವಣವೊಂದೇ ಸಾಕು. ಪೊರೆ ಕಂಡಾಗ ಆಮ್ಲ ಬಳಸಿ. ಪಾತ್ರೆಗಿಂತ ನನಗೆ ಚಿಂತೆ ಬಾಲ್ ವಾಲ್ವಿನದು (ಒಳಗಿನ ಗುಂಡು ತಿರುಗಿ ಹರಿವನ್ನು ಬಿಡುವ, ತಡೆಯುವ ನಲ್ಲಿ): ಹೊರಗೆ ಹೊಳೆಯುವ ವಾಲ್ವನ್ನು ನಾನು ಮೊದಲ ಬಾರಿ ಬಿಚ್ಚಿದಾಗ ಒಳಗಿನ ಗುಂಡಿನ ಹಿಂದೆ ಹಳೆಯ ಯೀಸ್ಟ್ ಕಪ್ಪಗೆ ಕೊಳೆತಿತ್ತು. ಎರಡು ತಿಂಗಳು ಹುಳಿಯಾದ ಬಿಯರಿಗೆ ಯೀಸ್ಟನ್ನೇ ದೂರಿದ್ದೆ! ಅದನ್ನು ಬಿಚ್ಚಿ ತೊಳೆಯಿರಿ, ಸಿಲಿಕೋನ್ ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಕ್ರಿಮಿನಾಶಕವನ್ನು ಇದೆಲ್ಲ ಆದ ಮೇಲೆ, ಬಳಸುವ ಮುನ್ನ ಹಾಕಿ, ಏಕೆಂದರೆ ಕೊಳೆಯ ಮೇಲೆ ಅದು ಕೆಲಸ ಮಾಡುವುದಿಲ್ಲ.