ಅವಳಿ ಇಂಜಿನ್ ಆರ್‌ಸಿ ಬೋಟ್ ಬಲಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಸೊರಗುತ್ತದೆ: ಬಲ್ಲವರು ಹೇಳಿ

ಸುರತ್ಕಲ್‌ನಿಂದ ಪ್ರಶ್ನೆ:
ನನ್ನದು ರಿಮೋಟಿನಿಂದ ಓಡಿಸುವ (ಆರ್‌ಸಿ) ಬೋಟ್, 1,350 ಮಿ.ಮೀ. ಉದ್ದದ ಫೈಬರ್ ಕ್ಯಾಟಮರಾನ್ ಹಲ್ (ಜೋಡಿ ತಳದ ಬೋಟ್ ಮೈ). ಒಳಗೆ 26 ಸಿಸಿ ಟು-ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಎರಡು, ವಾಲ್‌ಬ್ರೋ ಕಾರ್ಬುರೇಟರ್, ಇಂಜಿನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ ಕಾಲು ಇಂಚಿನ ಫ್ಲೆಕ್ಸ್ (ಬಾಗುವ) ಕೇಬಲ್, ಎರಡೂ ಕಡೆ ಆಕ್ಟುರಾ ಎಕ್ಸ್ 467 ಪ್ರೊಪೆಲ್ಲರ್. ತೊಂದರೆ ಮೂರು. ಫುಲ್ ಥ್ರಾಟಲ್ ಕೊಟ್ಟರೆ ಬೋಟ್ ಬಲಕ್ಕೆ ಎಳೆಯುತ್ತದೆ. ಬಲ ತಿರುವಿನಿಂದ ಹೊರಬರುವಾಗ ಬಲಗಡೆಯ ಇಂಜಿನ್ ಸೊರಗುತ್ತದೆ, ಕೆಲವೊಮ್ಮೆ ಪೂರ್ತಿ ಆಫ್. ಎಡಗಡೆಯ ಕೇಬಲ್ ಮಾತ್ರ ಪದೇ ಪದೇ ತುಂಡಾಗುತ್ತದೆ. ಮಳೆಗಾಲ ಮುಗಿದ ಮೇಲೆ ನಾಲ್ಕೈದು ಜನ ಸೇರಿ ಓವಲ್ (ಅಂಡಾಕಾರದ ಸುತ್ತಿನ) ರೇಸ್ ಮಾಡುವ ಅಂದಾಜು ಉಂಟು. ಎಲ್ಲಿಂದ ಶುರು ಮಾಡಬೇಕು, ಹೇಳಿ ಮಾರಾಯ್ರೆ.

ಮಣಿಪಾಲದಿಂದ:
ಮೊದಲು ಎಳೆತದ ವಿಷಯ. ಹಿಂದಿನಿಂದ ನೋಡಿದರೆ ನಿಮ್ಮ ಎರಡೂ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ತಿರುಗುತ್ತಿರಬೇಕು. ಓಡುವಾಗ ಪ್ರೊಪೆಲ್ಲರಿನ ಕೆಳಗಿನ ಅರ್ಧ ಮಾತ್ರ ನೀರಿನಲ್ಲಿರುತ್ತದೆ. ಅದು ನೀರನ್ನು ಬಲಕ್ಕೆ ತಳ್ಳುತ್ತದೆ, ಹಿಂಭಾಗ ಎಡಕ್ಕೆ ಸರಿಯುತ್ತದೆ, ಮೂತಿ ಬಲಕ್ಕೆ ಹೋಗುತ್ತದೆ. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಈ ಬಲ ದುಪ್ಪಟ್ಟು. ಇಷ್ಟು ಎಳೆತ ರೋಗ ಅಲ್ಲ, ರಡ್ಡರ್ (ಚುಕ್ಕಾಣಿ) ಟ್ರಿಮ್‌ನಲ್ಲಿ ಹೋಗುತ್ತದೆ.

ಆದರೆ ಎಡ ಇಂಜಿನ್ ಬಲದ್ದಕ್ಕಿಂತ ಜೋರಾಗಿದ್ದರೂ ಬೋಟ್ ಬಲಕ್ಕೇ ಎಳೆಯುತ್ತದೆ. ಯಾವುದು ಕಾರಣ ಅಂತ ತಿಳಿಯಬೇಕಾದರೆ ಎಡ-ಬಲ ಪ್ರೊಪೆಲ್ಲರ್ ಅದಲುಬದಲು ಮಾಡಿ ಓಡಿಸಿ. ಎಳೆತ ಬದಲಾದರೆ ದೋಷ ಪ್ರೊಪೆಲ್ಲರಿನದ್ದು. ಬದಲಾಗದಿದ್ದರೆ ಕಾರ್ಬುರೇಟರ್ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಅದಕ್ಕೂ ಮುಂಚೆ ಬಟರ್‌ಫ್ಲೈ (ಕಾರ್ಬುರೇಟರ್ ಒಳಗೆ ತೆರೆದು ಮುಚ್ಚುವ ತಟ್ಟೆ) ನೋಡಿ. ಒಂದೇ ಸರ್ವೋದಿಂದ (ಲಿವರ್ ಎಳೆಯುವ ಚಿಕ್ಕ ಮೋಟರ್) ಎರಡು ಕಾರ್ಬುರೇಟರ್ ಎಳೆಯುವಾಗ ಒಂದು ಕಡೆ ಲಿಂಕೇಜ್ ಸ್ವಲ್ಪ ಸಡಿಲ ಇದ್ದರೂ ಅರ್ಧ ಥ್ರಾಟಲ್‌ನಲ್ಲಿ ಎರಡರ ನಡುವೆ ಭಾರೀ ವ್ಯತ್ಯಾಸ. 3 ಮಿ.ಮೀ. ಡ್ರಿಲ್ ಬಿಟ್‌ನ ಹಿಂಭಾಗವನ್ನು ಬಟರ್‌ಫ್ಲೈ ಅಂಚಿನಲ್ಲಿ ಇಟ್ಟು, ಎರಡೂ ಕಡೆ ಒಂದೇ ಸ್ಟಿಕ್ ಸ್ಥಾನದಲ್ಲಿ ಬಿಗಿಯಾಗುತ್ತದಾ ನೋಡಿ. ಪೂರ್ತಿ ಮುಚ್ಚಿದಾಗ ಮತ್ತು ಪೂರ್ತಿ ತೆರೆದಾಗಲೂ ನೋಡಿ. ಎರಡು ಸರ್ವೋ, ಎರಡು ಚಾನೆಲ್ ಇದ್ದರೆ ಎಂಡ್ ಪಾಯಿಂಟ್ (ಸರ್ವೋ ಎಲ್ಲಿಯವರೆಗೆ ತಿರುಗಬೇಕೆಂಬ ಮಿತಿ) ಬೇರೆ ಬೇರೆ ಕೊಡಬಹುದು, ಕೆಲಸ ಹಗುರ.

ಬೈಕಂಪಾಡಿಯಿಂದ:
ಸೊರಗುವುದಕ್ಕೆ ಕಾರಣ ಮೂರರಲ್ಲಿ ಒಂದು. ಟ್ಯಾಂಕ್, ಲೋ ನೀಡಲ್ (ಕಾರ್ಬುರೇಟರಿನಲ್ಲಿ ಕಡಿಮೆ ಥ್ರಾಟಲ್‌ನ ಪೆಟ್ರೋಲ್ ಸ್ಕ್ರೂ), ಇಲ್ಲದಿದ್ದರೆ ಗಾಳಿ ಕುಡಿಯುವ ಪ್ರೊಪೆಲ್ಲರ್.

ಬಲ ತಿರುವಿನಲ್ಲಿ ಪೆಟ್ರೋಲ್ ಪೂರ್ತಿ ಟ್ಯಾಂಕಿನ ಎಡ ಗೋಡೆಗೆ ಹೋಗಿ ನಿಲ್ಲುತ್ತದೆ. ಪಿಕಪ್ ಪೈಪಿನ ಕ್ಲಂಕ್ (ಪೈಪಿನ ತುದಿಯ ತೂಕದ ಗುಂಡು) ಬಲಗಡೆ ಅಂಟಿಕೊಂಡಿದ್ದರೆ ಅದು ಗಾಳಿಯನ್ನೇ ಎಳೆಯುತ್ತದೆ. ಟ್ಯಾಂಕ್ ಹೊರಗೆ ತೆಗೆದು ಅಡ್ಡ ಹಿಡಿದು ಅಲ್ಲಾಡಿಸಿ, ಕ್ಲಂಕ್ ಎಲ್ಲ ಮೂಲೆಗೂ ಹೋಗಬೇಕು. ಪೆಟ್ರೋಲಿನಲ್ಲಿ ಪೈಪ್ ಗಟ್ಟಿಯಾದರೆ ಅದು ತಿರುಗುವುದಿಲ್ಲ. ನೀಡಲ್ ಮುಟ್ಟುವ ಮೊದಲು ಇದನ್ನೇ ನೋಡಿ.

ಆಮೇಲೆ ನೀಡಲ್. ಎರಡೂ ಇಂಜಿನ್‌ಗೆ ಎಚ್ (ಹೈ ನೀಡಲ್, ಫುಲ್ ಥ್ರಾಟಲ್‌ನದ್ದು) ಒಂದೂವರೆ ಸುತ್ತು, ಎಲ್ (ಲೋ ನೀಡಲ್) ಒಂದೂಕಾಲು ಸುತ್ತು ತೆರೆದು ಶುರು ಮಾಡಿ. ತಿರುವಿನಿಂದ ಹೊರಬರುವಾಗ ಸ್ವರ ಮುರಿದು, ಬುಳುಬುಳು ಅಂತ ಹೊಗೆ ಬಿಟ್ಟರೆ ಎಲ್ ಹೆಚ್ಚು ತೆರೆದಿದೆ. ಹೊಗೆಯೇ ಇಲ್ಲದೆ ಟಪ್ ಅಂತ ನಿಂತರೆ ಎಲ್ ಕಡಿಮೆ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಸಾಕು. ಎಚ್ ನೋಡಬೇಕಾದರೆ ನೇರ ಓಟದಲ್ಲಿ ಫುಲ್ ಥ್ರಾಟಲ್‌ನಿಂದ ಒಮ್ಮೆಲೇ ಇಂಜಿನ್ ನಿಲ್ಲಿಸಿ, ದಡಕ್ಕೆ ತಂದು ಎರಡು ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಡಿ. ಕಾಫಿ ಬಣ್ಣ ಬೇಕು. ಬಿಳಿ ಇದ್ದರೆ ಪಿಸ್ಟನ್ ಹಿಡಿಯುವ ದಿನ ದೂರ ಇಲ್ಲ. ಎರಡರಲ್ಲಿ ಜೋರಿರುವುದನ್ನು ಇನ್ನೂ ಜೋರು ಮಾಡುವ ಆಸೆ ಬಿಡಿ. ಸೊರಗುವುದನ್ನು ಮೇಲೆ ತನ್ನಿ, ಆಗದಿದ್ದರೆ ಇನ್ನೊಂದನ್ನು ಸ್ವಲ್ಪ ರಿಚ್ ಮಾಡಿ (ಪೆಟ್ರೋಲ್ ಹೆಚ್ಚು ಕೊಟ್ಟು) ಕೆಳಗಿಳಿಸಿ. ಅವಳಿ ಬೋಟಿನ ಟ್ಯೂನಿಂಗ್ ಅಂದರೆ ಇಷ್ಟೇ.

ಪ್ಲಗ್ ಗ್ಯಾಪ್ 0.6 ಮಿ.ಮೀ., ಕಾಯಿಲ್ ಮತ್ತು ಫ್ಲೈವೀಲ್ ನಡುವೆ 0.3 ಮಿ.ಮೀ. ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿದರೆ ಸುಮಾರು ಅಷ್ಟಾಗುತ್ತದೆ. ಟ್ಯೂನ್ಡ್ ಪೈಪ್‌ನ (ಹೊಗೆ ಕೊಳವೆ) ಉದ್ದ ಎರಡು ಕಡೆಯೂ ಮಿಲಿಮೀಟರ್‌ಗೆ ಸರಿಯಾಗಿರಲಿ. ಉದ್ದ ಮಾಡಿದರೆ ಕೆಳಗಿನ ಎಳೆತ, ಗಿಡ್ಡ ಮಾಡಿದರೆ ಮೇಲಿನ ಆರ್‌ಪಿಎಂ. ಓವಲ್‌ಗೆ ಉದ್ದವೇ ಲೇಸು. 6 ಮಿ.ಮೀ. ಹಾಗೆ ಸರಿಸುತ್ತಾ ನೋಡಿ.

ಪೆಟ್ರೋಲ್: ಲೀಟರಿಗೆ 40 ಎಂ.ಎಲ್. ಒಳ್ಳೆಯ ಟು-ಸ್ಟ್ರೋಕ್ ಎಣ್ಣೆ, ಅಂದರೆ 25ಕ್ಕೆ 1. ರೇಸಿಗೆ 50 ಎಂ.ಎಲ್. ಹಾಕಿದರೂ ತೊಂದರೆ ಇಲ್ಲ. ಎಥೆನಾಲ್ ಬೆರಕೆಯ ಪೆಟ್ರೋಲ್ ನಮ್ಮ ಕರಾವಳಿಯ ತೇವದಲ್ಲಿ ನೀರು ಎಳೆದುಕೊಳ್ಳುತ್ತದೆ, ಕಾರ್ಬುರೇಟರಿನ ಡಯಾಫ್ರಾಮ್ (ತೆಳು ಪೊರೆ) ಗಟ್ಟಿಯಾಗುತ್ತದೆ. ಅಳತೆ ಜಾಡಿಗೆ 100 ಎಂ.ಎಲ್. ಪೆಟ್ರೋಲ್, 10 ಎಂ.ಎಲ್. ನೀರು ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಕೆಳಗಿನ ನೀರಿನ ಪದರ 30 ಎಂ.ಎಲ್. ಹತ್ತಿರ ಬಂದರೆ ಅದರಲ್ಲಿ ಸುಮಾರು 20 ಭಾಗ ಎಥೆನಾಲ್ ಉಂಟು ಅಂತ ಲೆಕ್ಕ. ಯಾವುದೇ ಪೆಟ್ರೋಲ್ ಆಗಲಿ, ಓಡಿಸಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸಿ. ದಡದಲ್ಲಿ ಕೂಲಿಂಗ್ ನೀರು ಇಲ್ಲದಿದ್ದರೆ ಕೆಲವು ಸೆಕೆಂಡ್ ಮಾತ್ರ.

ಡಯಾಫ್ರಾಮ್ ಕಿಟ್, ಪ್ಲಗ್, ಪೆಟ್ರೋಲ್ ಪೈಪಿಗೆ ಬೆಂಗಳೂರಿಗೆ ಫೋನ್ ಮಾಡುವ ಮೊದಲು ಅಡಿಕೆ ತೋಟಕ್ಕೆ ವೀಡ್ ಕಟ್ಟರ್ ಮಾರುವ ಅಂಗಡಿಯಲ್ಲಿ ಕೇಳಿ. ಕಾರ್ಬುರೇಟರ್ ಅದೇ ಜಾತಿಯದ್ದು. ನಂಬರ್ ನೋಡಿ ತಗೊಳ್ಳಿ, ಡಯಾಫ್ರಾಮಿನ ತೂತು ಒಂದಕ್ಕೊಂದು ಹೊಂದಬೇಕು.

ಮಲ್ಪೆಯಿಂದ:
ಎಡ ಕೇಬಲ್ ಮಾತ್ರ ತುಂಡಾಗುತ್ತದೆ ಅಂದರೆ ಎಡದ ಸ್ಟಫಿಂಗ್ ಟ್ಯೂಬ್ (ಕೇಬಲ್ ಹಾಯುವ ಕೊಳವೆ) ಬಗ್ಗಿರುವ ರೀತಿ ನೋಡಿ. ಕಾಲೆಟ್‌ನಿಂದ (ಇಂಜಿನ್ ಕಡೆ ಕೇಬಲ್ ಹಿಡಿಯುವ ಭಾಗ) ಸ್ಟಫಿಂಗ್ ಟ್ಯೂಬ್ ಬಾಯಿಯವರೆಗೆ ಆಸರೆ ಇಲ್ಲದ ಕೇಬಲ್ 25 ಮಿ.ಮೀ.ಗಿಂತ ಹೆಚ್ಚಿದ್ದರೆ ಅದು ಚಾಟಿಯಂತೆ ಬಡಿಯುತ್ತದೆ, ಮೊದಲು ಅಲ್ಲೇ ಸೀಳುತ್ತದೆ. ಒಳಗಿನ ಟೆಫ್ಲಾನ್ ಲೈನರ್ ಸವೆದಿದೆಯಾ ನೋಡಿ.

ಇನ್ನೊಂದು, ಲೋಡ್ ಬಿದ್ದಾಗ ಕೇಬಲ್ ಹೊಸೆದು ಗಿಡ್ಡವಾಗುತ್ತದೆ. ಅದಕ್ಕೇ ಡ್ರೈವ್ ಡಾಗ್ (ಪ್ರೊಪೆಲ್ಲರನ್ನು ತಿರುಗಿಸುವ ಕಚ್ಚು) ಮತ್ತು ಸ್ಟ್ರಟ್ (ಹಿಂಬದಿಯಲ್ಲಿ ಶಾಫ್ಟ್ ಹಿಡಿಯುವ ಆಸರೆ) ನಡುವೆ 3 ಮಿ.ಮೀ. ಬಿಡುವುದು. ಬಿಡದಿದ್ದರೆ ಡಾಗ್ ಸ್ಟ್ರಟ್‌ಗೆ ಒತ್ತಿ ಬೇರಿಂಗ್ ಸುಡುತ್ತದೆ. ಪ್ರತಿ ಎರಡು ಮೂರು ಓಟಕ್ಕೆ ಕೇಬಲ್ ಹೊರಗೆಳೆದು, ಒರೆಸಿ, ಮೀನುಗಾರಿಕಾ ಬೋಟಿಗೆ ಹಾಕುವ ಮೆರೀನ್ ಗ್ರೀಸ್ ಹಚ್ಚಿ. ಎಳೆ ಒಂದು ಎದ್ದಿದ್ದರೂ ಆ ಕೇಬಲ್ ಬೇಡ.

ಸ್ಟ್ರಟ್ ಎರಡೂ ಒಂದೇ ಎತ್ತರದಲ್ಲಿರಲಿ. ಗಾಜಿನ ಹಲಗೆ ಮೇಲೆ ಹಲ್ ಇಟ್ಟು ಅಳೆಯಿರಿ. ಕಾಲು ಮಿ.ಮೀ. ವ್ಯತ್ಯಾಸ ಕೂಡ ಒಂದು ಇಂಜಿನ್‌ಗೆ ಹೆಚ್ಚು ಹೊರೆ. ಶುರುವಿಗೆ ಶಾಫ್ಟಿನ ನಡುಗೆರೆ ಸ್ಪಾನ್ಸನ್ (ಎಡ-ಬಲದ ಜೋಡಿ ಮೈ) ತಳಕ್ಕೆ ಸಮ, ಕೋನ ಸೊನ್ನೆ. ತೂಕದ ಕೇಂದ್ರ ಹಿಂಬದಿಯಿಂದ ಶೇ. 30ರಲ್ಲಿ, ನಿಮ್ಮ ಹಲ್‌ಗೆ ಸುಮಾರು 405 ಮಿ.ಮೀ. ಅದಕ್ಕಿಂತ ಹಿಂದೆ ಹೋದರೆ ಎದುರು ಗಾಳಿಗೆ ಮೂತಿ ಎದ್ದು ಮಗುಚುತ್ತದೆ. ಹಲ್ ಒಡೆದರೆ ರೆಸಿನ್, ಮ್ಯಾಟ್ ನಮ್ಮಲ್ಲಿ ಬೋಟ್ ಕಟ್ಟುವವರ ಹತ್ತಿರ ಚಿಲ್ಲರೆಯಾಗಿಯೂ ಕೇಳಿ ನೋಡಬಹುದು.

ಸುರತ್ಕಲ್‌ನಿಂದ:
ಒಂದು ಪ್ರೊಪೆಲ್ಲರ್ ಉಲ್ಟಾ ತಿರುಗುವ ಹಾಗೆ ಮಾಡಿದರೆ ಎಳೆತವೇ ಇರುವುದಿಲ್ಲ ಅಲ್ವಾ? ಒಳಮುಖವೋ, ಹೊರಮುಖವೋ?

ಮಣಿಪಾಲದಿಂದ:
ಮಾಡಬಹುದು. ಆದರೆ ಉಲ್ಟಾ ತಿರುಗುವ ಇಂಜಿನ್ ಅಥವಾ ಗೇರ್‌ಬಾಕ್ಸ್ ಬೇಕು, ಬಲಗೈ ಪ್ರೊಪೆಲ್ಲರ್ ಬೇಕು, ಕೇಬಲ್ ಕೂಡ ಉಲ್ಟಾ ಹೊಸೆದದ್ದೇ ಆಗಬೇಕು. ಸಾಮಾನ್ಯ ಕೇಬಲ್ ಹಾಕಿದರೆ ಲೋಡಿಗೆ ಬಿಚ್ಚಿಕೊಳ್ಳುತ್ತದೆ. ದಿಕ್ಕು ಕೇಳಿದರೆ ನನ್ನ ಮತ ಒಳಮುಖ, ಅಂದರೆ ಮೇಲ್ಭಾಗ ಎರಡೂ ನಡುವಿಗೆ ಬರುವ ಹಾಗೆ. ಎಡ ಇಂಜಿನ್ ನಿಂತಿತು ಅಂತ ಇಟ್ಟುಕೊಳ್ಳಿ. ಬಲದ್ದು ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ಒಳಮುಖವಾಗಿದ್ದರೆ ಅದೇ ಪ್ರೊಪೆಲ್ಲರಿನ ಅಡ್ಡ ಸೆಳೆತ ಮೂತಿಯನ್ನು ಬಲಕ್ಕೆ ತಳ್ಳುತ್ತದೆ, ಬೋಟ್ ಕೈಗೆ ಸಿಗುತ್ತದೆ. ಹೊರಮುಖವಾದರೆ ಎರಡೂ ಬಲ ಒಂದೇ ಕಡೆಗೆ, ಬೋಟ್ ಗಿರಗಿರ.

ಬೈಕಂಪಾಡಿಯಿಂದ:
ಸಿದ್ಧಾಂತ ಸರಿ, ಖರ್ಚು ಯಾರು ಕೊಡುತ್ತಾರೆ? ಓವಲ್‌ನಲ್ಲಿ ಎಲ್ಲ ತಿರುವೂ ಬಲಕ್ಕೇ. ಬಲಕ್ಕೆ ಸ್ವಲ್ಪ ಎಳೆಯುವ ಬೋಟ್ ಅಲ್ಲಿ ನಷ್ಟ ಏನಲ್ಲ. ಮೊದಲ ಸೀಸನ್ ಹಾಗೆಯೇ ಓಡಿಸಿ.

ಉಡುಪಿಯಿಂದ:
ಪ್ರೊಪೆಲ್ಲರಿನ ಸೈಜ್ ಬಗ್ಗೆ ಯಾರೂ ಹೇಳಲಿಲ್ಲ. ಎಕ್ಸ್ 467ರಲ್ಲಿ 67 ಅಂದರೆ ವ್ಯಾಸ, 4 ಅಂದರೆ ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) ವ್ಯಾಸದ 1.4 ಪಟ್ಟು. ಅಂದರೆ ಒಂದು ಸುತ್ತಿಗೆ ಸುಮಾರು 94 ಮಿ.ಮೀ. 16,000 ಆರ್‌ಪಿಎಂನಲ್ಲಿ ಲೆಕ್ಕಕ್ಕೆ ಗಂಟೆಗೆ 90 ಕಿ.ಮೀ., ಶೇ. 15 ಜಾರುವಿಕೆ ಕಳೆದರೆ 76. ಜಿಪಿಎಸ್‌ನಲ್ಲಿ 60 ಮಾತ್ರ ಬಂದರೆ ಇಂಜಿನ್ ಆ ಆರ್‌ಪಿಎಂ ಮುಟ್ಟುತ್ತಿಲ್ಲ. ಆಗ ಒಂದು ಸೈಜ್ ಚಿಕ್ಕದಕ್ಕೆ ಹೋಗಿ, ಎರಡೂ ಕಡೆ.

ಬಲಗಡೆ ಸ್ಪಾನ್ಸನ್ ತಿರುವಿನಲ್ಲಿ ಎದ್ದು ಪ್ರೊಪೆಲ್ಲರ್ ಗಾಳಿ ಕುಡಿದರೆ ಇಂಜಿನ್ ಕಿರುಚಿ, ಮತ್ತೆ ನೀರು ಕಚ್ಚಿದಾಗ ಕುಸಿಯುತ್ತದೆ. ಕಿರುಚುವ ಸ್ವರ ಕೇಳಿದರೆ ನೀಡಲ್ ತಿರುಗಿಸಿ ಪ್ರಯೋಜನ ಇಲ್ಲ, ಎರಡೂ ಸ್ಟ್ರಟ್ 1 ಮಿ.ಮೀ. ಕೆಳಗಿಳಿಸಿ.

ಅಂಚು ಹರಿತ ಮಾಡುವಾಗ ಎಚ್ಚರ. ಇವು ಬೆರಿಲಿಯಂ ತಾಮ್ರದವು, ಆ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಬೇಕೇ ಬೇಕು, ಗ್ರೈಂಡರ್ ಬೇಡ. ಬ್ಯಾಲೆನ್ಸ್‌ಗೆ ಭಾರದ ಎಲೆಯ ಮುಂಬದಿಯಿಂದ ತೆಗೆಯಿರಿ, ನೀರು ತಳ್ಳುವ ಮುಖ ಮುಟ್ಟಬೇಡಿ.

ಕೂಳೂರಿನಿಂದ:
ನೀರಿನ ವಿಷಯ. ನಮ್ಮ ಫಲ್ಗುಣಿಯಲ್ಲಿ ಇಲ್ಲಿಯವರೆಗೂ ಉಪ್ಪು ನೀರು ಬರುತ್ತದೆ, ಬೇಸಿಗೆಯಲ್ಲಂತೂ ಹೇಳುವುದೇ ಬೇಡ. ಓಡಿಸಿದ ಕೂಡಲೇ ಕೂಲಿಂಗ್ ಪೈಪಿಗೆ ಸಿಹಿ ನೀರು ಬಿಡಿ, ಇಲ್ಲದಿದ್ದರೆ ವಾಟರ್ ಜಾಕೆಟ್ ಒಳಗೆ ಉಪ್ಪು ಕಟ್ಟುತ್ತದೆ. ಎರಡು ಇಂಜಿನ್‌ಗೆ ನೀರಿನ ಪಿಕಪ್ ಬೇರೆ ಬೇರೆ ಇರಲಿ. ಒಂದರಿಂದ ವೈ ಹಾಕಿ ಹಂಚಿದರೆ ನೀರು ಸುಲಭದ ದಾರಿ ಹಿಡಿಯುತ್ತದೆ, ಇನ್ನೊಂದು ಇಂಜಿನ್ ಬಿಸಿಯಾಗುತ್ತದೆ. ಬಲೆ, ಅಂತರಗಂಗೆ, ತೆಂಗಿನ ಸಿಪ್ಪೆ ನೋಡಿಯೇ ಇಳಿಸಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ, ಬೆಳಿಗ್ಗೆಯೇ ಮುಗಿಸಿ. ಮಣ್ಣಪಳ್ಳದಂಥ ಜನ ತಿರುಗಾಡುವ ಕೆರೆಯಲ್ಲಿ ಪೆಟ್ರೋಲ್ ಇಂಜಿನ್ ಇಳಿಸುವ ಮೊದಲು ಅನುಮತಿ ಕೇಳಿ, ಸದ್ದು ಸಣ್ಣದಲ್ಲ.

ರೇಸಿಗೆ ಬೊಯೆಗಳನ್ನು (ನೀರಲ್ಲಿ ತೇಲುವ ಗುರುತು) ಬಲಕ್ಕೆ ಬಿಟ್ಟು ಗಡಿಯಾರದ ದಿಕ್ಕಿನಲ್ಲಿ ಓಡಬೇಕು. ಶುರು ಮಾಡಿದ ಲೇನ್ ಬಿಡಬಾರದು, ಪಕ್ಕದ ಬೋಟನ್ನು ಪೂರ್ತಿ ದಾಟದೆ ಒಳಗೆ ಕತ್ತರಿಸಬಾರದು. ಪ್ರತಿ ಡ್ರೈವರ್ ಪಕ್ಕ ಒಬ್ಬ ನೋಡುವವನಿರಲಿ, ನಿಂತ ಬೋಟ್ ಕಂಡ ಕೂಡಲೇ "ಡೆಡ್ ಬೋಟ್" ಅಂತ ಕೂಗಲಿಕ್ಕೆ. ರಿಸೀವರ್ ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ಆಗುವ ಕ್ರಿಯೆ) ಥ್ರಾಟಲ್ ಮುಚ್ಚುವಂತೆ ಇಟ್ಟು, ದಡದಲ್ಲಿ ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ. ರಿಮೋಟ್ ಕಿಲ್ ಸ್ವಿಚ್ ಎರಡೂ ಇಂಜಿನ್‌ನ ಕಾಯಿಲ್‌ಗೆ ಬೇಕು, ಒಂದಕ್ಕೆ ಮಾತ್ರ ಹಾಕಿದರೆ ಇನ್ನೊಂದು ಬೋಟನ್ನು ಸುತ್ತಿಸುತ್ತಲೇ ಇರುತ್ತದೆ. ಹಲ್ ಒಳಗೆ ಖಾಲಿ ಇರುವ ಕಡೆಯೆಲ್ಲ ಫೋಮ್ ತುಂಬಿ. ಸತ್ತ ಬೋಟ್ ತರಲು ದೋಣಿ ಹೋಗುವಾಗ ಉಳಿದವರು ಥ್ರಾಟಲ್ ಬಿಟ್ಟು ನಿಲ್ಲಲಿ, ದೋಣಿಯವನಿಗೆ ಲೈಫ್ ಜಾಕೆಟ್ ಕೊಡಿ.