ಅಪ್ಪನಿಗೆ ಆಕ್ಸಿಜನ್ ಮೆಷಿನ್ ಇದೆ, ಮನೆಗೆ ಎಂಥ ಜನರೇಟರ್ ತಗೋಬೇಕು?

ಸಿಂಧನೂರು ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಿಂಧನೂರಲ್ಲಿ. ಅಪ್ಪನಿಗೆ ಶ್ವಾಸಕೋಶದ ತೊಂದರೆ ಇದೆ, ಮನೆಯಲ್ಲೇ ಐದು ಲೀಟರಿನ ಆಕ್ಸಿಜನ್ ಮೆಷಿನ್ ಇಟ್ಟಿದ್ದೇವೆ. ಡಾಕ್ಟರ್ ನಿಮಿಷಕ್ಕೆ 2 ಲೀಟರ್ ಇಡಲು ಹೇಳಿದ್ದಾರೆ. ಹೋದ ವಾರ ಸಂಜೆ ಬಿರುಗಾಳಿ ಎದ್ದು ನಮ್ಮ ಓಣಿಯಲ್ಲಿ ಎರಡು ಕಂಬ ಬಿದ್ದವು, ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಒಂದೇ. ರಾತ್ರಿ ಹತ್ತಕ್ಕೆಲ್ಲ ಅದು ಕುಂಯ್ ಕುಂಯ್ ಅಂತ ಕೂಗಲು ಶುರು ಮಾಡಿತು. ಫ್ಯಾನು, ಲೈಟು ಎಲ್ಲ ಆರಿಸಿ ಬರೀ ಮೆಷಿನ್ ಓಡಿಸಿದೆವು, ಆದರೂ ಇನ್ನರ್ಧ ಗಂಟೆ ಅಷ್ಟೇ ಬಂತು. ತಮ್ಮ ಬೈಕ್ ತಗೊಂಡು ಸಿಲಿಂಡರ್ ಹುಡುಕಲು ಹೋದ. ಅಪ್ಪ ಮಂಚದ ತುದಿಗೆ ಬಂದು, ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದರು, ಬೆರಳಿಗೆ ಹಾಕುವ ಮೀಟರಲ್ಲಿ 84 ತೋರಿಸುತ್ತಿತ್ತು. ಅಮ್ಮ ಮೊಬೈಲ್ ಬೆಳಕಲ್ಲಿ ಅದನ್ನೇ ನೋಡುತ್ತಾ ಗಾಳಿ ಬೀಸುತ್ತಿದ್ದರು. ಸಿಲಿಂಡರ್ ಸಿಕ್ಕಿತು, ಅಪ್ಪ ಈಗ ಆರಾಮಿದ್ದಾರೆ. ಆದರೆ ಇನ್ನೊಂದು ಸಲ ಆ ರಾತ್ರಿ ನನಗೆ ಬೇಡ.

ಒಂದು ಅಂಗಡಿಯಲ್ಲಿ ಕೇಳಿದರೆ ಏಳೂವರೆ ಕೆವಿಎ (ಜನರೇಟರಿನ ಶಕ್ತಿಯ ಅಳತೆ) ಡೀಸೆಲ್ ತಗೋಳಿ, ಇಡೀ ಮನೆ ಓಡುತ್ತೆ ಅಂದರು. ಇನ್ನೊಂದು ಕಡೆ ಎರಡೂವರೆ ಕೆವಿಎ ಪೆಟ್ರೋಲ್ ಸಾಕು ಅಂದರು. ಚಿಕ್ಕಪ್ಪ ಜನರೇಟರ್ ಯಾಕೆ, ಮಾಳಿಗೆ ಮೇಲೆ ಸೋಲಾರ್ ಹಾಕ್ಸು, 78 ಸಾವಿರ ಸಬ್ಸಿಡಿ ಬರುತ್ತೆ ಅಂತಾರೆ. ಮನೆಯಲ್ಲಿ ಫ್ರಿಜ್, ಮೂರು ಫ್ಯಾನ್, ಕೂಲರ್, ಒಂದು ಎಚ್‌ಪಿ ಬೋರ್ ಮೋಟ್ರು ಇವೆ. ಹಗಲು ನಾನು ಮಸ್ಕಿಯಲ್ಲಿ ಶಾಲೆಯಲ್ಲಿರುತ್ತೇನೆ, ತಮ್ಮನೂ ಮನೆಯಲ್ಲಿರಲ್ಲ, ಅಮ್ಮ ಒಬ್ಬರೇ. ಹಿತ್ತಲಲ್ಲಿ ಅಪ್ಪನ ಕೋಣೆಯ ಕಿಟಕಿ ಪಕ್ಕ ಜಾಗ ಇದೆ, ಅಲ್ಲೇ ಇಡೋಣ ಅಂದುಕೊಂಡಿದ್ದೇವೆ, ವೈರಿಗೂ ಹತ್ತಿರ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗಂಗಾವತಿ ವೈರ್‌ಮನ್:

ಅಕ್ಕಾ, ಕೆವಿಎ ಆಮೇಲೆ ನೋಡೋಣ, ಕತ್ತಲಲ್ಲಿ ಏನೇನು ಓಡಲೇಬೇಕು ಅನ್ನೋದನ್ನ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಲೆಕ್ಕ ನಾನೇ ಹಾಕಿ ಹೇಳುತ್ತೇನೆ. ಐದು ಲೀಟರಿನ ಆಕ್ಸಿಜನ್ ಮೆಷಿನ್ ಸುಮಾರು 350 ವ್ಯಾಟ್. ಫ್ರಿಜ್ 150ರಿಂದ 200. ಹಳೇ ಫ್ಯಾನ್ ಒಂದಕ್ಕೆ 75, ಮೂರಕ್ಕೆ 225. ಕೂಲರ್ 200 ಅನ್ನಿ, ಬಲ್ಬು ಎಲ್ಲ ಸೇರಿ 50. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗಲು ಇನ್ನೊಂದು 250. ಒಟ್ಟು 1,300 ವ್ಯಾಟ್ ಒಳಗೇ ಬಂತು. ಆದರೆ ಫ್ರಿಜ್ಜು, ಆಕ್ಸಿಜನ್ ಮೆಷಿನ್ ಎರಡರಲ್ಲೂ ಕಂಪ್ರೆಸರ್ ಇದೆ, ಶುರುವಾಗುವ ಆ ಒಂದೆರಡು ಸೆಕೆಂಡು ಅವು ಮೂರ್ನಾಲ್ಕು ಪಟ್ಟು ಕರೆಂಟು ಎಳೆಯುತ್ತವೆ. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟಿದಾಗ ಎಂಜಿನ್ ಶಕ್ತಿಯೂ ಇಳಿಯುತ್ತೆ. ಅದಕ್ಕೇ ಸ್ವಲ್ಪ ಜಾಸ್ತಿ ಇರಲಿ, ರೇಟೆಡ್ 2.5ರಿಂದ 3 ಕಿಲೋವ್ಯಾಟ್ ಇರುವುದು ತಗೋಳಿ. ರೇಟೆಡ್ ಅನ್ನೋದನ್ನ ಪ್ಲೇಟಿನ ಮೇಲೆ ಓದಿ ನೋಡಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಮ್ಯಾಕ್ಸ್, ಅದು ಸ್ವಲ್ಪ ಹೊತ್ತಿಗೆ ಮಾತ್ರ, ರಾತ್ರಿಯಿಡೀ ಓಡಿಸಲು ಅಲ್ಲ.

ಬೋರ್ ಮೋಟ್ರನ್ನ ಲೆಕ್ಕದಿಂದ ಬಿಟ್ಟೇ ಬಿಡಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಅದು ಲೈನಿಂದ ಎಳೆಯುವುದು ಸಾವಿರದ ಮೇಲೆ, ಸ್ಟಾರ್ಟ್ ಆಗುವಾಗ ಮೂರು ನಾಲ್ಕು ಸಾವಿರ. ಆ ಒಂದು ಮೋಟ್ರಿಗೋಸ್ಕರ ಐದು ಕೆವಿಎ ತಗೋಬೇಕಾಗುತ್ತೆ. ಅದರ ಬದಲು ಇನ್ನೊಂದು ಸಿಂಟೆಕ್ಸ್ ಕೂರಿಸಿ, ಕರೆಂಟು ಇದ್ದಾಗಲೇ ತುಂಬಿಸಿಡಿ.

ಡೀಸೆಲ್ ಕೆಟ್ಟದ್ದಲ್ಲ. ದಿನಾ ಐದಾರು ಗಂಟೆ ಓಡಿಸುವವರಿಗೆ, ರೈಸ್ ಮಿಲ್ಲಿಗೆ ಅದೇ ಸರಿ. ನಿಮ್ಮದು ಒಂದೂಕಾಲು ಕಿಲೋವ್ಯಾಟ್ ಲೋಡು, ಅದಕ್ಕೆ ಏಳೂವರೆ ಕೆವಿಎ ಡೀಸೆಲ್ ಇಟ್ಟರೆ ಎಂಜಿನ್ ಸರಿಯಾಗಿ ಕಾಯೋದೇ ಇಲ್ಲ, ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರ್ ತುಂಬ ಜಿಡ್ಡು ಮಸಿ ಕಟ್ಟುತ್ತೆ. ಡೀಸೆಲ್ ಎಂಜಿನ್ನಿಗೆ ಕಡಿಮೆ ಅಂದರೂ 30 ಪರ್ಸೆಂಟ್ ಲೋಡ್ ಇರಬೇಕು.

ಸೋಲಾರ್ ಬಗ್ಗೆ ಚಿಕ್ಕಪ್ಪನವರಿಗೆ ಹೇಳಿ, ಸಬ್ಸಿಡಿ ಇರುವುದು ನಿಜ, ಮೂರು ಕಿಲೋವ್ಯಾಟಿಗೆ 78 ಸಾವಿರ. ಆದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ನೇರ ಲೈನಿಗೆ ಜೋಡಿಸಿದ್ದು, ಕರೆಂಟು ಹೋದ ಕೂಡಲೇ ತಾನೂ ಬಂದ್ ಆಗುತ್ತೆ. ಲೈನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೀಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಬಿಲ್ಲು ಇಳಿಸಲು ಅದು ಒಳ್ಳೇದು, ನಿಮ್ಮ ತೊಂದರೆಗೆ ಔಷಧ ಅಲ್ಲ.

ಬಳ್ಳಾರಿ ಕೌಲ್‌ಬಜಾರ್:

ಟೀಚರಮ್ಮ, ಕೆವಿಎ ಮಾತು ಇರಲಿ, ನೀವು ಬರೆದ ಕೊನೆಯ ಸಾಲು ಓದಿ ನನಗೆ ಗಾಬರಿ ಆಯ್ತು. ಅಪ್ಪನ ಕೋಣೆಯ ಕಿಟಕಿ ಪಕ್ಕ ಜನರೇಟರ್ ಖಂಡಿತ ಇಡಬೇಡಿ. ಆ ಕಿಟಕಿಗೇ ಕೂಲರ್ ಕೂರಿಸಿದ್ದೀರಾ? ನಮ್ಮ ಕಡೆ ಮನೆಗಳಲ್ಲೆಲ್ಲ ಹಾಗೇ ಇರುತ್ತೆ ಅಲ್ವಾ. ಕೂಲರ್ ಮಾಡುವ ಕೆಲಸವೇ ಹೊರಗಿನ ಗಾಳಿ ಎಳೆದು ಒಳಗೆ ಬಿಡುವುದು. ಜನರೇಟರ್ ಹೊಗೆ ಅಲ್ಲೇ ಇದ್ದರೆ ಅದನ್ನೂ ಎಳೆದು ನೇರ ಮಂಚದ ಮೇಲೆ ಬಿಡುತ್ತೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿದ್ದವರಿಗೆ ತಲೆನೋವು, ವಾಂತಿ ಬಂದಂಗೆ ಆಗಿ ಹಾಗೇ ನಿದ್ದೆ ಬರುತ್ತೆ, ಎಬ್ಬಿಸಿದರೂ ಏಳಲ್ಲ. ಇನ್ನೊಂದು ಮಾತು ನೀವು ತಿಳಿದಿರಲೇಬೇಕು. ಬೆರಳಿಗೆ ಹಾಕುವ ಮೀಟರ್ ಈ ವಿಷವನ್ನ ಗುರುತಿಸಲ್ಲ. ರಕ್ತದಲ್ಲಿ ಮೊನಾಕ್ಸೈಡ್ ಸೇರಿದ್ದರೂ ಅದು 97, 98 ಅಂತಲೇ ತೋರಿಸಬಹುದು. ಅಮ್ಮ ಅದನ್ನ ನೋಡಿ ಎಲ್ಲ ಸರಿ ಇದೆ ಅಂತ ಸುಮ್ನೆ ಕೂತರೆ ಏನು ಗತಿ?

ಮನೆಯಿಂದ ಕಡಿಮೆ ಅಂದರೆ 20 ಅಡಿ ದೂರ ಇಡಿ. ಸೈಲೆನ್ಸರ್ ಬಾಯಿ ನಿಮ್ಮ ಕಿಟಕಿ ಕಡೆಗೂ ಬೇಡ, ಪಕ್ಕದ ಮನೆಯವರ ಕಿಟಕಿ ಕಡೆಗೂ ಬೇಡ. ಮಳೆಗೆ ಮೇಲೊಂದು ತಗಡು ಇರಲಿ, ನಾಲ್ಕೂ ಕಡೆ ಬಯಲಿರಲಿ. ವೈರ್ ಉದ್ದ ಆಯ್ತು ಅಂತ ಯೋಚಿಸಬೇಡಿ, ಸ್ವಲ್ಪ ದಪ್ಪ ವೈರ್ ಎಳೆಸಿದರೆ ಮುಗೀತು.

ಲಿಂಗಸುಗೂರು ಲೈನ್‌ಮನ್:

ನಾನು ಕಂಬ ಹತ್ತುವವನು. ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ, ನನ್ನದು ಒಂದೇ ಕೋರಿಕೆ. ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಜನರೇಟರನ್ನ ಮನೆ ವೈರಿಂಗಿಗೆ ಜೋಡಿಸಬೇಡಿ. ಎರಡೂ ತುದಿಗೆ ಪಿನ್ ಹಾಕಿದ ವೈರ್ ಮಾಡಿಕೊಂಡು, ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟು ಕೊಡುವವರು ಇದ್ದಾರೆ. ಆ ಕರೆಂಟು ಮನೆಯಲ್ಲೇ ನಿಲ್ಲಲ್ಲ. ಮೀಟರ್ ದಾಟಿ ಕಂಬಕ್ಕೆ ಬರುತ್ತೆ, ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹೋಗುತ್ತೆ. ಟಿಸಿ 11,000 ವೋಲ್ಟನ್ನ 230ಕ್ಕೆ ಇಳಿಸುತ್ತೆ ಅಲ್ವಾ, ಉಲ್ಟಾ ಕೊಟ್ಟರೆ 230ನ್ನ 11,000ಕ್ಕೆ ಏರಿಸುತ್ತೆ. ನಾವು ಲೈನ್ ಬಂದ್ ಮಾಡಿಸಿ, ರಾಡ್ ಹಾಕಿ ಅರ್ಥ್ ಮಾಡಿಯೇ ಮುಟ್ಟುತ್ತೇವೆ. ಆದರೆ ಮಳೆಯಲ್ಲಿ, ಕತ್ತಲಲ್ಲಿ, ಹತ್ತು ಕಡೆಯಿಂದ ಫೋನ್ ಬರುವಾಗ ಒಂದು ಸಲ ತಪ್ಪಿದರೂ ಸಾಕು.

ಮೇನ್ ಆಫ್ ಮಾಡಿಯೇ ಚುಚ್ಚುತ್ತೇವೆ ಅನ್ನುತ್ತಾರೆ. ನಿದ್ದೆಗಣ್ಣಲ್ಲಿ ಮರೆತರೆ? ಎರಡು ಪೋಲಿನ ಚೇಂಜ್‌ಓವರ್ ಹಾಕಿಸಿ, ಫೇಸ್ ನ್ಯೂಟ್ರಲ್ ಎರಡೂ ಬದಲಾಗಬೇಕು. ಆ ಹಿಡಿ ಒಂದು ಕಡೆ ಇದ್ದರೆ ಲೈನು, ಇನ್ನೊಂದು ಕಡೆ ಇದ್ದರೆ ಜನರೇಟರ್, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಕರೆಂಟು ಹೋದರೆ 1912ಕ್ಕೆ ಫೋನ್ ಮಾಡಿ, ಮನೆಯಲ್ಲಿ ಆಕ್ಸಿಜನ್ ಮೇಲಿರುವವರು ಇದ್ದಾರೆ ಅಂತಲೂ ತಿಳಿಸಿ.

ಸಿಂಧನೂರು ಟೀಚರ್:

ಅಣ್ಣಂದಿರಾ, ಎಲ್ಲರಿಗೂ ಕೈ ಮುಗಿಯುತ್ತೇನೆ. ಹೌದು, ಕೂಲರ್ ಅದೇ ಕಿಟಕಿಗೆ ಇದೆ. ಈಗ ಹೋಗಿ ಟೇಪ್ ಹಿಡಿದು ಅಳೆದು ಬಂದೆ, ಹಿತ್ತಲ ಗೋಡೆ ಮೂಲೆಯ ಬೇವಿನ ಮರದ ಹತ್ತಿರ ಇಟ್ಟರೆ 26 ಅಡಿ ಆಗುತ್ತೆ, ಆ ಕಡೆ ಖಾಲಿ ಸೈಟು. ಇನ್ನು ಎರಡು ಪ್ರಶ್ನೆ. ಅಮ್ಮನಿಗೆ ಭುಜದ ನೋವು, ಹಗ್ಗ ಎಳೆಯಲು ಆಗಲ್ಲ. ಮತ್ತೆ ಕರೆಂಟು ಹೋಗಿ ಜನರೇಟರ್ ಶುರುವಾಗುವ ತನಕ ಮೆಷಿನ್ ನಿಂತರೆ ಏನು ಮಾಡುವುದು? ಸುಮ್ನೆ ನಿಂತ ಜನರೇಟರ್ ಬೇಕಾದಾಗ ಶುರುವಾಗಲ್ಲ ಅಂತಲೂ ಹೇಳುತ್ತಾರೆ.

ಗಂಗಾವತಿ ವೈರ್‌ಮನ್:

ಎರಡನೇದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ ಅಕ್ಕಾ. ಆಕ್ಸಿಜನ್ ಮೆಷಿನ್ ಇನ್ವರ್ಟರ್ ಮೇಲೇ ಇರಲಿ, ಜನರೇಟರ್ ಆ ಇನ್ವರ್ಟರಿಗೆ ಕರೆಂಟು ಕೊಡಲಿ. ಆಗ ಮೆಷಿನ್ ನಿಲ್ಲೋದೇ ಇಲ್ಲ, ಅಮ್ಮನಿಗೂ ಓಡಾಡಲು ಅರ್ಧ ಗಂಟೆ ಪುರುಸೊತ್ತು ಸಿಗುತ್ತೆ. ರಾತ್ರಿ ಎರಡು ತಾಸು ಜನರೇಟರ್, ಎರಡು ತಾಸು ಬ್ಯಾಟರಿ ಅಂತ ನಡೆಸಿದರೆ ಪೆಟ್ರೋಲೂ ಉಳಿಯುತ್ತೆ. ತಗೋಳುವ ಮುಂಚೆ ನಿಮ್ಮ ಇನ್ವರ್ಟರ್ ಆ ಜನರೇಟರಿನ ಕರೆಂಟನ್ನ ಒಪ್ಪುತ್ತದಾ ಅಂತ ಜೋಡಿಸಿ ತೋರಿಸಲು ಹೇಳಿ. ಕೆಲವು ಒಪ್ಪಲ್ಲ, ವೋಲ್ಟೇಜ್ ಸ್ವಲ್ಪ ಆಡಿದರೂ ಬ್ಯಾಟರಿಗೇ ವಾಪಸ್ ಹೋಗುತ್ತವೆ.

ಸಂಡೂರು ಗ್ಯಾರೇಜ್:

ಮೇಂಟೆನೆನ್ಸ್ ನಾನು ಹೇಳುತ್ತೇನೆ ತಂಗಿ, ನಮ್ಮ ಮನೆ ಪೆಟ್ರೋಲ್ ಜನರೇಟರಿಗೆ ಒಂಬತ್ತು ವರ್ಷ ಆಯ್ತು, ಇವತ್ತಿಗೂ ಎರಡನೇ ಎಳೆತಕ್ಕೆ ಶುರುವಾಗುತ್ತೆ.

ಅಮ್ಮನಿಗೆ ಸೆಲ್ಫ್ ಸ್ಟಾರ್ಟ್ ಇರುವುದೇ ತಗೋಳಿ. ಆದರೆ ಸೆಲ್ಫ್ ಬ್ಯಾಟರಿ ತಿಂಗಳುಗಟ್ಟಲೆ ನಿಂತರೆ ಡೌನ್ ಆಗುತ್ತೆ, ಅದಕ್ಕೆ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ. ಖಾಲಿ ಓಡಿಸಬೇಡಿ, ಫ್ರಿಜ್ಜು ಫ್ಯಾನು ಹಾಕಿಯೇ ಓಡಿಸಿ. ಹೊಸ ಎಂಜಿನ್ ಆಯಿಲನ್ನ ಮೊದಲ 20 ಗಂಟೆಗೆ ಬದಲಾಯಿಸಿ, ಆಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಶುರು ಮಾಡುವ ಮುಂಚೆ ಪ್ರತಿ ಸಲ ಆಯಿಲ್ ಕಡ್ಡಿ ತೆಗೆದು ನೋಡಿ. ಚಿಕ್ಕ ಎಂಜಿನ್ನಿಗೆ ಹಿಡಿಯುವುದೇ ಅರ್ಧ ಲೀಟರ್ ಚಿಲ್ಲರೆ, ಅದರಲ್ಲಿ ನೂರು ಎಂಎಲ್ ಕಮ್ಮಿ ಆದರೂ ದೊಡ್ಡ ಮಾತು.

ಏರ್ ಫಿಲ್ಟರ್ ಮರೆಯಬೇಡಿ. ಪುಸ್ತಕದಲ್ಲಿ 50 ಗಂಟೆಗೊಮ್ಮೆ ಅಂತಿರುತ್ತೆ, ಅದು ನಮ್ಮ ಊರುಗಳಿಗಲ್ಲ. ನಮ್ಮಲ್ಲಿ ಅದಿರಿನ ಕೆಂಪು ಧೂಳು, ಫಿಲ್ಟರ್ ಹಿಂಡಿದರೆ ಕುಂಕುಮದ ನೀರಿನಂತೆ ಇಳಿಯುತ್ತೆ. ನಿಮ್ಮಲ್ಲಿ ಭತ್ತ ಕೊಯ್ಯುವ ಕಾಲಕ್ಕೆ ಹೊಟ್ಟು, ಮಿಲ್ಲಿನ ಬೂದಿ. ಆ ದಿನಗಳಲ್ಲಿ ಹತ್ತು ಹದಿನೈದು ಗಂಟೆಗೊಮ್ಮೆ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿ. ಸ್ಪಂಜಿನ ಫಿಲ್ಟರಿಗೆ ಮಾತ್ರ ಇದು, ಕಾಗದದ್ದಾದರೆ ಬದಲಾಯಿಸಬೇಕು.

ಶುರುವಾಗದ ಜನರೇಟರುಗಳು ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಇರುವ ರೋಗ ಹಳೇ ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತೆ, ಕಾರ್ಬೊರೇಟರಿನ ಸಣ್ಣ ತೂತಲ್ಲಿ ಅಂಟು ಕಟ್ಟುತ್ತೆ. ಪ್ರತಿ ಸಲ ನಿಲ್ಲಿಸುವಾಗ ಸ್ವಿಚ್ ಆಫ್ ಮಾಡಬೇಡಿ, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಲ್ಲಿ ಇದ್ದದ್ದು ಮುಗಿದು ತಾನೇ ನಿಲ್ಲಲಿ. ಟ್ಯಾಂಕಿನ ಪೆಟ್ರೋಲನ್ನ ತಿಂಗಳಿಗೊಮ್ಮೆ ಬೈಕಿಗೆ ಹಾಕಿ ಹೊಸದು ತುಂಬಿ. ಎಂಜಿನ್ ಬಿಸಿ ಇರುವಾಗ ಮಾತ್ರ ಪೆಟ್ರೋಲ್ ಹಾಕಬೇಡಿ, ಆರುವ ತನಕ ಬ್ಯಾಟರಿ ಮೇಲೆ ನಡೆಸಿ.

ಅರ್ಥಿಂಗನ್ನೂ ನೋಡಿಕೊಳ್ಳಿ. ನಿಮ್ಮದು ಎರೆಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಅರ್ಥ್ ಗುಂಡಿಗೆ ವಾರಕ್ಕೆ ಎರಡು ಬಿಂದಿಗೆ ನೀರು ಹಾಕುತ್ತಿರಿ.

ಬಳ್ಳಾರಿ ಕೌಲ್‌ಬಜಾರ್:

ಜನರೇಟರ್ ಬಂದರೂ ಸಿಲಿಂಡರ್ ಬಿಡಬೇಡಿ. ಮನೆಗೆ ಕೊಡುವ ಬಿ ಟೈಪ್ ಸಿಲಿಂಡರಲ್ಲಿ 1,500 ಲೀಟರ್ ಇರುತ್ತೆ, ನಿಮಿಷಕ್ಕೆ 2 ಲೀಟರ್ ಅಂದರೆ ಹನ್ನೆರಡು ತಾಸು ಬಂತು. ತುಂಬಿದ್ದು ಒಂದು, ರೆಗ್ಯುಲೇಟರ್ ಸಮೇತ, ಮಂಚದ ಪಕ್ಕ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ. ಆ ಕೋಣೆಯಲ್ಲಿ ದೀಪ, ಊದಿನಕಡ್ಡಿ ಬೇಡ.

ಇನ್ನೊಂದು ಮಾಡಿ. ಜನರೇಟರ್ ಬಂದ ಮೇಲೆ ಒಂದು ಭಾನುವಾರ ಕರೆಂಟು ಇರುವಾಗಲೇ ಮೇನ್ ಇಳಿಸಿಬಿಡಿ. ನೀವು ಏನೂ ಮುಟ್ಟಬೇಡಿ. ಅಮ್ಮನೇ ಹಿತ್ತಲಿಗೆ ಹೋಗಿ ಕಾಕ್ ತೆರೆದು, ಚೋಕ್ ಎಳೆದು, ಸೆಲ್ಫ್ ಒತ್ತಿ, ವಾಪಸ್ ಬಂದು ಹಿಡಿ ತಿರುಗಿಸಲಿ. ಸಂಜೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಸಲ.

ಸಿಂಧನೂರು ಟೀಚರ್:

ಮಾಡುತ್ತೇನೆ ಅಣ್ಣಾ. ಕಾಕ್, ಚೋಕ್, ಸೆಲ್ಫ್, ಹಿಡಿ ಅಂತ ಒಂದು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದೇನೆ. ಅಮ್ಮ ಕನ್ನಡಕ ಇಲ್ಲದೆಯೂ ಓದಿದರು. ಚೇಂಜ್‌ಓವರ್ ಪಕ್ಕ ಅಂಟಿಸುತ್ತೇವೆ.